ಎಣಿಕೆ ಹತ್ತಿದ ಊರು

ನಮ್ಮೂರಿನಲ್ಲಿ ಯಂತ್ರ ಎಣಿಸುತ್ತಿರುವಷ್ಟು ಹೊತ್ತು ಯಾರೂ ಕೂರುತ್ತಿರಲಿಲ್ಲ. ಕೂರಬಾರದೆಂದು ಯಾರೂ ಹೇಳಿರಲಿಲ್ಲ, ಕೂರಲು ಆಗುತ್ತಿರಲಿಲ್ಲ ಅಷ್ಟೆ. ಉಣ್ಣಲು ಕೂತವರು ತುತ್ತು ಕೈಯಲ್ಲಿ ಹಿಡಿದುಕೊಂಡೇ ಏಳುತ್ತಿದ್ದರು, ಮಲಗಿದವರು ಚಾಪೆ ಬಿಟ್ಟು ಏಳುತ್ತಿದ್ದರು. ನೋವಿಲ್ಲ, ಉರಿಯಿಲ್ಲ. ಬಾಗಿಲಲ್ಲಿ ಹಿರಿಯರು ಯಾರೋ ಬಂದು ನಿಂತರೆ ಮೈ ತಾನಾಗಿ ಏಳುತ್ತದಲ್ಲ, ಹಾಗೆ. ಎದ್ದ ಮೇಲೆ ಒಂದೇ ಕಡೆ ನಿಂತಿರುವುದಕ್ಕೂ ಕಾಲು ಒಪ್ಪುತ್ತಿರಲಿಲ್ಲ. ಸ್ವಲ್ಪ ಹೊತ್ತು ಗೋಡೆಗೆ ಒರಗಬಹುದಿತ್ತು, ಆಮೇಲೆ ನಡೆಯಬೇಕು. ಇದಕ್ಕೆ ನಮ್ಮವರು ಎಣಿಕೆ ಹತ್ತಿತು ಅನ್ನುತ್ತಿದ್ದರು. ಯಂತ್ರ ನಿಂತಾಗ ಎಣಿಕೆ ಇಳೀತು ಅನ್ನುತ್ತಿದ್ದರು. ನಡೆಯಲು ಕಲಿಯದ ಕೂಸುಗಳಿಗೆ ಅದು ಹತ್ತುತ್ತಿರಲಿಲ್ಲ, ದನಕರುಗಳಿಗೂ ಹತ್ತುತ್ತಿರಲಿಲ್ಲ. ಊರೆಲ್ಲ ಬೀದಿಯಲ್ಲಿ ಶತಪಥ ಹಾಕುತ್ತಿದ್ದರೆ ನಾಯಿಗಳು ಮಾತ್ರ ನಡುಬೀದಿಯಲ್ಲಿ ಕಾಲು ಚಾಚಿ ಮಲಗಿರುತ್ತಿದ್ದವು. ನಾವು ಅವನ್ನು ಬಳಸಿಕೊಂಡು ಹೋಗುತ್ತಿದ್ದೆವು.

ಯಂತ್ರ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಮುಚ್ಚಿಹೋಗಿದ್ದ ಹತ್ತಿ ಮಿಲ್ಲಿನ ಗೋಡೆ ಒಡೆದು ಅದನ್ನು ಒಳಗೆ ತಂದರು. ಒಂದು ಯಂತ್ರ ಅಂದರೆ ಒಂದೇ ಅಲ್ಲ, ಸಾಲು ಸಾಲು ಉಕ್ಕಿನ ಬೀರುಗಳು. ಅವುಗಳ ಹೊಟ್ಟೆಯ ತುಂಬ ಗಾಜಿನ ವಾಲ್ವುಗಳು, ಹಳೆಯ ರೇಡಿಯೋದೊಳಗೆ ಕೆಂಪಗೆ ಉರಿಯುತ್ತವಲ್ಲ, ಅಂಥವು, ಲೆಕ್ಕವಿಲ್ಲದಷ್ಟು. ಜೊತೆಗೆ ಚಕ್ಕಡಿಯ ಚಕ್ರದಂತೆ ಸುತ್ತುವ ಟೇಪುಗಳು, ಕಾರ್ಡು ನುಂಗುವ ಒಂದು ಪೆಟ್ಟಿಗೆ, ಕಾಗದ ಕಾರುವ ಒಂದು ಪ್ರಿಂಟರು. ದೂರದ ಊರುಗಳ ಕರೆಂಟ್ ಬಿಲ್ಲು, ರೈಲಿನ ಸರಕು, ಮಕ್ಕಳ ಪರೀಕ್ಷೆಯ ಅಂಕ, ಎಲ್ಲ ನಮ್ಮೂರಿಗೆ ಬಂದು ಎಣಿಸಿಕೊಂಡು ಹೋಗುತ್ತಿದ್ದವು. ಅದರಿಂದಾಗಿ ಊರಿಗೆ ಟಾರು ರಸ್ತೆ ಬಂತು, ಮನೆಮನೆಗೆ ದೀಪ ಬಂತು. ಎದ್ದು ನಿಲ್ಲುವುದು ಅದರ ಜೊತೆಗೇ ಬಂತು.

ಜನ ಹೊಂದಿಕೊಂಡರು. ಹೋಟೆಲಿನವನು ಬೆಂಚು ತೆಗೆದುಹಾಕಿ ಎದೆಯೆತ್ತರಕ್ಕೆ ಹಲಗೆ ಹೊಡೆಸಿದ. ಶಾಲೆಯಲ್ಲಿ ಮೇಷ್ಟ್ರು ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ನಡೆಸುತ್ತ ಮಗ್ಗಿ ಹೇಳಿಸಿದರು. ಬಸ್ಸು ಊರಿನ ಎಲ್ಲೆ ದಾಟುತ್ತಲೇ ಒಳಗಿದ್ದವರೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಡ್ರೈವರ್ ಕೂಡ ಎದ್ದು, ಸ್ಟಿಯರಿಂಗ್ ಮೇಲೆ ಬಗ್ಗಿಕೊಂಡು, ಬಸ್ಸನ್ನು ಎತ್ತಿನ ಗಾಡಿಯಷ್ಟು ನಿಧಾನಕ್ಕೆ ನಿಲ್ದಾಣಕ್ಕೆ ತರುತ್ತಿದ್ದ. ಬಸುರಿಯರನ್ನು, ಹಾಸಿಗೆ ಹಿಡಿದವರನ್ನು ಎಲ್ಲೆಯಾಚೆಯ ನೆಂಟರ ಮನೆಗೆ ಕಳಿಸುತ್ತಿದ್ದರು. ಮೊದಲಿಗೆ ಎಣಿಕೆ ಬೆಳಗಿನ ಹೊತ್ತು ಮಾತ್ರ ಇರುತ್ತಿತ್ತು, ಹಾಗಾಗಿ ಅದು ಅಷ್ಟು ಕಷ್ಟವಾಗಲಿಲ್ಲ.

ಕಷ್ಟವಾದದ್ದು ನನ್ನ ಅಪ್ಪನಿಗೆ. ಅಪ್ಪ ಚೌಡಪ್ಪ ನೇಕಾರ. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ನಿಂತು ನೇಯುವಂತಿಲ್ಲ. ಎಣಿಕೆ ಹತ್ತಿದರೆ ಅಪ್ಪ ಲಾಳಿಯನ್ನು ಹಾಸಿನ ಎಳೆಗಳ ಮೇಲಿಟ್ಟು ಗುಂಡಿಯಿಂದ ಮೇಲೆ ಬರುತ್ತಿದ್ದ. ಮಗ್ಗದ ಸುತ್ತ ನಡೆಯುತ್ತ, ಎಲ್ಲಿಗೆ ನಿಲ್ಲಿಸಿದ್ದನೋ ಆ ಎಳೆಯನ್ನೇ ನೋಡುತ್ತ ಇರುತ್ತಿದ್ದ. ಇಳಿದ ಮೇಲೆ ಮತ್ತೆ ಗುಂಡಿಗೆ. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು, ಮನೆಯಲ್ಲಿ ನಾವಿಬ್ಬರೇ. ನೇಯ್ಗೆಯ ಹೊತ್ತು ಕಡಿಮೆಯಾದಂತೆ ಮನೆ ನಡೆಸುವುದು ಕಷ್ಟವಾಯಿತು. ನಾನು ಓದು ಮುಗಿಸಿ ಯಂತ್ರವಿದ್ದ ಎಣಿಕೆ ಮನೆಯಲ್ಲೇ ಕೆಲಸಕ್ಕೆ ಸೇರಿದೆ. ಊರಿನಲ್ಲಿ ಇದ್ದದ್ದು ಅದೊಂದೇ ಕೆಲಸ. ಅಪ್ಪ ಬೇಡ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಮೊದಲ ದಿನ ನಾನು ಹೊರಟಾಗ ಅವನು ಗುಂಡಿಯಲ್ಲಿ ತಲೆ ತಗ್ಗಿಸಿ ಕಡಿದ ಎಳೆಯೊಂದನ್ನು ಸೇರಿಸುತ್ತಿದ್ದ.

ನನ್ನ ಕೆಲಸ ಪಂಚಿಂಗ್. ಹೆಣ್ಣುಮಕ್ಕಳ ಸಾಲು. ಟೈಪ್‌ರೈಟರಿನಂಥ ಯಂತ್ರಗಳನ್ನು ಇಟ್ಟಿಗೆ ಕಟ್ಟೆ ಕಟ್ಟಿ ಎತ್ತರಿಸಿಟ್ಟಿದ್ದರು. ನಾವು ನಿಂತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ, ದಪ್ಪ ಕಾಗದದ ಕಾರ್ಡುಗಳಲ್ಲಿ ತೂತು ಹೊಡೆಯುತ್ತಿದ್ದೆವು. ಒಬ್ಬರ ಹೆಸರು, ಅವರ ಮೀಟರಿನ ಸಂಖ್ಯೆ, ಅವರು ಸುಟ್ಟ ಕರೆಂಟು, ಎಲ್ಲವೂ ತೂತು. ತಪ್ಪಿ ಹೊಡೆದ ತೂತನ್ನು ಮುಚ್ಚಲಾಗದು, ಕಾರ್ಡನ್ನೇ ಎಸೆದು ಹೊಸದಾಗಿ ಹೊಡೆಯಬೇಕು. ನಮ್ಮ ಮೇಲ್ವಿಚಾರಕಿ ಗ್ರೇಸಮ್ಮ. ಅವರು ಸಾಲುಗಳ ನಡುವೆ ನಡೆಯುತ್ತಲೇ ಇರುತ್ತಿದ್ದರು, ಎಣಿಕೆ ಇಳಿದಿದ್ದಾಗಲೂ.

ಕಾರ್ಡಿನ ಪೆಟ್ಟಿಗೆಗಳನ್ನು ಯಂತ್ರದ ಕೋಣೆಗೆ ಒಪ್ಪಿಸಲು ಹೋದಾಗ ಉಪೇಂದ್ರ ಶೆಣೈಯವರ ಪರಿಚಯವಾಯಿತು. ಯಂತ್ರವನ್ನು ನೋಡಿಕೊಳ್ಳುವ ಇಂಜಿನಿಯರು, ಕರಾವಳಿಯವರು. ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡಿರುತ್ತಿದ್ದರು, ಯಾಕೆಂದರೆ ವಾಲ್ವುಗಳ ಬಿಸಿಗೆ ಆ ಕೋಣೆಯನ್ನು ಸದಾ ತಂಪಾಗಿ ಇಡಬೇಕಿತ್ತು. ಅವರು ಯಂತ್ರಕ್ಕೆ ಒಂದು ಪುಟ್ಟ ಸ್ಪೀಕರ್ ಜೋಡಿಸಿದ್ದರು. ಒಂದೊಂದು ಕೆಲಸಕ್ಕೆ ಒಂದೊಂದು ಸದ್ದು. ರೈಲಿನ ಲೆಕ್ಕ ಕಪ್ಪೆ ಕೂಗಿದ ಹಾಗೆ, ಪರೀಕ್ಷೆಯ ಅಂಕ ಜೇನು ಹಾರಿದ ಹಾಗೆ. ಸದ್ದು ಎಲ್ಲಾದರೂ ತೊದಲಿದರೆ ಯಾವ ಬೀರುವಿನ ಯಾವ ಸಾಲಿನಲ್ಲಿ ವಾಲ್ವು ಹೋಗಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತಂತೆ. ಇದನ್ನೆಲ್ಲ ಅವರು ನನಗೆ ಹೇಳಿದ್ದು ಕೋಣೆಯಲ್ಲಲ್ಲ, ಕೆರೆಯ ಸುತ್ತಿನ ದಾರಿಯಲ್ಲಿ.

ಕೆಲಸ ಹೆಚ್ಚಾಗಿ ಸಂಜೆಯ ಪಾಳಿಯೂ ಶುರುವಾದ ಮೇಲೆ ಊರೆಲ್ಲ ಕೆರೆಯ ಸುತ್ತ ನಡೆಯುತ್ತಿತ್ತು. ಹೇಗೂ ನಡೆಯಬೇಕು, ಗಾಳಿಯಾದರೂ ಇರಲಿ ಎಂದು. ಗಂಡಸರು, ಹೆಂಗಸರು, ಜಗಳವಾಡಿ ಮಾತು ಬಿಟ್ಟವರು, ಸಾಲ ಕೊಟ್ಟವರು, ತೆಗೆದುಕೊಂಡವರು, ಎಲ್ಲರೂ ದೇವಸ್ಥಾನದ ಪ್ರದಕ್ಷಿಣೆಯಂತೆ ಒಂದೇ ದಿಕ್ಕಿಗೆ. ಶೆಣೈ ಒಬ್ಬರೇ ಎದುರು ದಿಕ್ಕಿಗೆ ನಡೆಯುತ್ತಿದ್ದರು. ಯಾಕೆ ಹೀಗೆ ಎಂದು ಒಮ್ಮೆ ಕೇಳಿದೆ. ಎದುರಿಗೆ ನಡೆದರೆ ಒಂದು ಸುತ್ತಿಗೆ ನೀವು ಎರಡು ಸಲ ಸಿಗುತ್ತೀರಿ ಎಂದರು. ಮರುದಿನದಿಂದ ಅವರು ನನ್ನ ದಿಕ್ಕಿಗೇ ನಡೆದರು. ನಮ್ಮ ಮಾತುಕತೆಯೆಲ್ಲ ಹೀಗೆ ಪಕ್ಕಪಕ್ಕದಲ್ಲಿ, ಮುಂದೆ ನೋಡುತ್ತ ನಡೆಯಿತು. ಎದುರುಬದುರು ಕೂತಿದ್ದರೆ ಅಷ್ಟು ಮಾತಾಡುತ್ತಿದ್ದೆವೋ ಇಲ್ಲವೋ.

ಮದುವೆಗೆ ಎರಡು ಕಡೆಯೂ ಬೇಸರವಿತ್ತು. ಅವರ ಕಡೆಯವರು ಯಾರೂ ಬರಲಿಲ್ಲ. ಅಪ್ಪ ಕೇಳಿದ್ದು ಒಂದೇ, ಹಸೆಯ ಮೇಲೆ ಗಂಡು ಹೆಣ್ಣು ಕೂರಬೇಕು, ಅಷ್ಟು ಹೊತ್ತು ಯಂತ್ರ ನಿಲ್ಲಿಸಿರಬೇಕು. ಶೆಣೈ ಒಪ್ಪಿದರು. ಆದರೆ ಮದುವೆಯ ದಿನ ಯಾವುದೋ ತುರ್ತು ಕೆಲಸ ಬಂದು, ಅವರ ಕೈಕೆಳಗಿನವನು ಮೇಲಿನವರಿಗೆ ಹೆದರಿ ಯಂತ್ರ ನಡೆಸಿಬಿಟ್ಟ. ಧಾರೆಯ ಹೊತ್ತಿಗೆ ನಾವಿಬ್ಬರೂ ಎದ್ದೆವು, ಪುರೋಹಿತರೂ ಎದ್ದರು. ಮಂತ್ರ ಹೇಳುತ್ತ ಮೂವರೂ ಮಂಟಪದೊಳಗೇ ಸುತ್ತಿದೆವು. ನೆಂಟರು ಎಲೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಉಂಡರು. ಶೆಣೈಯವರ ಮುಖ ಎಷ್ಟೋ ದಿನ ಸಪ್ಪಗಿತ್ತು.

ಮದುವೆಯಾದ ಮೇಲೆ ಅವರು ನಮ್ಮ ಮನೆಗೇ ಬಂದರು, ನನ್ನನ್ನು ಬನ ಎಂದು ಕರೆಯತೊಡಗಿದರು. ಅಪ್ಪ ಮತ್ತು ಅವರ ನಡುವೆ ಮಾತು ಕಡಿಮೆ, ಆದರೆ ಬೆಳಿಗ್ಗೆ ಒಂದು ಮಾತು ತಪ್ಪುತ್ತಿರಲಿಲ್ಲ. ಇವತ್ತು ಹೇಗೆ ಎಂದು ಅಪ್ಪ ಕೇಳುತ್ತಿದ್ದ. ಊಟದ ತನಕ ಇರ್ತದೆ ಮಾವ, ಆಮೇಲೆ ಸ್ವಲ್ಪ ಬಿಡುವು, ಎಂದು ಅವರು ಹೇಳುತ್ತಿದ್ದರು. ಅದಕ್ಕೆ ತಕ್ಕ ಹಾಗೆ ಅಪ್ಪ ಮಗ್ಗ ಹೂಡುತ್ತಿದ್ದ. ಸೀರೆಯ ಸೆರಗಿನ ನೇಯ್ಗೆ ನಡೆಯುತ್ತಿದ್ದ ದಿನಗಳಲ್ಲಿ ಯಂತ್ರಕ್ಕೆ ಏನಾದರೊಂದು ರಿಪೇರಿ ಬರುತ್ತಿತ್ತು. ಅದು ಹೇಗೆ ಬರುತ್ತದೆಂದು ನಾನೂ ಕೇಳಲಿಲ್ಲ, ಅಪ್ಪನೂ ಕೇಳಲಿಲ್ಲ.

ವರ್ಷಗಳು ಹೀಗೇ ಹೋದವು. ನಮಗೆ ಮಕ್ಕಳಾಗಲಿಲ್ಲ. ಆಮೇಲೆ ಪಂಚಿಂಗ್ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೆಲಸದಿಂದ ಬಿಡಿಸತೊಡಗಿದರು. ದೊಡ್ಡ ಊರುಗಳಿಗೆ ಹೊಸ ಯಂತ್ರಗಳು ಬಂದಿವೆ, ಅವುಗಳಲ್ಲಿ ವಾಲ್ವೇ ಇಲ್ಲ, ಒಂದು ಗೋಡೆಗೆ ಒರಗಿಸಿಡುವಷ್ಟು ಚಿಕ್ಕವು ಎಂದು ಸುದ್ದಿ ಬಂತು. ರೈಲಿನವರು ಹೋದರು. ಕರೆಂಟಿನವರು ಹೋದರು. ಗ್ರೇಸಮ್ಮ ತಮ್ಮನ ಮನೆಗೆ ಹೊರಟು ನಿಂತಾಗ ಸಾಲಿನಲ್ಲಿ ಉಳಿದಿದ್ದವಳು ನಾನೊಬ್ಬಳೇ, ಮುಂದಿನ ವಾರ ನನ್ನನ್ನೂ ಬಿಡಿಸಿದರು. ಆದರೂ ಎಣಿಕೆ ಹತ್ತುತ್ತಲೇ ಇತ್ತು. ಮೊದಲಿಗಿಂತ ಹೆಚ್ಚೇ ಹತ್ತುತ್ತಿತ್ತು. ಬೆಳಿಗ್ಗೆ ಎದ್ದವರು ಸಂಜೆಯವರೆಗೆ ಕೂರುವಂತಿರಲಿಲ್ಲ. ಜನ ಗೊಣಗಿದರು. ಬೆಳಗಿನಿಂದ ಬೆಲ್ಲದ ಮೂಟೆಯ ಪಕ್ಕ ನಿಂತೇ ಇದ್ದ ಅಂಗಡಿಯವರೊಬ್ಬರು ನನ್ನನ್ನು ತಡೆದು, ಯಾರ ಲೆಕ್ಕವಮ್ಮ ಇಷ್ಟೊಂದು ಉಳಿದಿರೋದು ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ.

ಆ ಸಂಜೆ ಕೆರೆಯ ದಾರಿಯಲ್ಲಿ ಶೆಣೈಯವರನ್ನೇ ಕೇಳಿದೆ. ಅವರು ಮುಚ್ಚಿಡಲಿಲ್ಲ.

"ಹಬ್ಬ ಕಳೆದ ಮೇಲೆ ಕೆಲಸ ಬಂದದ್ದೇ ಇಲ್ಲ ಬನ."

"ಹಾಗಾದರೆ ಅದು ಏನು ಎಣಿಸ್ತಾ ಇದೆ?"

"ಹಳೆಯ ಕಾರ್ಡುಗಳು. ನೀನು ಹೊಡೆದದ್ದೂ ಉಂಟು ಅದರಲ್ಲಿ."

ಯಂತ್ರದ ಬದಿಯಲ್ಲಿ ಒಂದು ಮೀಟರ್ ಇದೆ, ಎಣಿಸುವಾಗ ಮಾತ್ರ ತಿರುಗುತ್ತದೆ, ಕಂಪನಿಯ ಸಬ್ನೀಸ್ ಎಂಬುವವರು ತಿಂಗಳಿಗೊಮ್ಮೆ ಬಂದು ಅದನ್ನು ನೋಡಿಕೊಂಡು ಹೋಗುತ್ತಾರೆ, ಮೀಟರ್ ತಿರುಗದಿದ್ದರೆ ಯಂತ್ರವನ್ನು ಬಿಚ್ಚಿ ಗುಜರಿಗೆ ಹಾಕುತ್ತಾರೆ ಎಂದರು. ಯಾವುದಾದರೂ ಇಲಾಖೆ ಮತ್ತೆ ಬಂದೀತು, ಅಲ್ಲಿಯವರೆಗೆ ಉಳಿಸಿಕೊಂಡರೆ ಸಾಕು ಎಂದರು. ಹೇಳುತ್ತ ಹೇಳುತ್ತ ನಡಿಗೆ ಜೋರಾಯಿತು, ನಾನು ಓಡಿದಂತೆ ಹೆಜ್ಜೆ ಹಾಕಬೇಕಾಯಿತು. ಸುತ್ತಮುತ್ತ ನಡೆಯುತ್ತಿದ್ದವರನ್ನು ನೋಡಿದೆ. ಕೆಲವರು ಕಣ್ಣು ಮುಚ್ಚಿಕೊಂಡು ಮುಂದಿನವರ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಿದ್ದರು. ಹೇಳಿದರೆ ಊರು ಶೆಣೈಯವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಹೇಳದಿದ್ದರೆ ನನಗೆ ಊರಿನವರ ಮುಖ ನೋಡಲಾಗುತ್ತಿರಲಿಲ್ಲ. ನಿಲ್ಲಿಸಿ ಎಂದೆ. ನಿಲ್ಲಿಸ್ತೇನೆ, ಸ್ವಲ್ಪ ದಿನ ಕೊಡು ಎಂದರು.

ಅಷ್ಟರಲ್ಲಿ ಅಪ್ಪನ ಕಾಲು ಊದಿಕೊಂಡಿತು. ಮೊದಲು ಪಾದ, ಆಮೇಲೆ ಮೊಣಕಾಲಿನವರೆಗೆ. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಎದೆಯ ದೋಷ ಎಂದು ಡಾಕ್ಟರು ಹೇಳಿದರು. ಮದ್ದು ಕೊಟ್ಟು, ಕಾಲು ಎತ್ತರಕ್ಕಿಟ್ಟು ಮಲಗಿಸಿ, ಇಲ್ಲವಾದರೆ ನನ್ನ ಮದ್ದು ನಡೆಯುವುದಿಲ್ಲ ಎಂದರು. ಎಲ್ಲೆಯಾಚೆ ಇದ್ದ ಸೋದರತ್ತೆಯ ಮನೆಗೆ ಅಪ್ಪನನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದೆ. ನಾಲ್ಕು ದಿನ ಇದ್ದು ಯಾರದೋ ಗಾಡಿ ಹತ್ತಿ ವಾಪಸು ಬಂದ. ಅಲ್ಲಿ ಮಲಗಿದರೆ ಸುಮ್ಮನೆ ಸೂರು ನೋಡಬೇಕು, ಇಲ್ಲಿ ಮಗ್ಗವಾದರೂ ಕಾಣುತ್ತದೆ ಎಂದ. ಮತ್ತೆ ಕಳಿಸಲು ನೋಡಿದೆ, ಜಪ್ಪಯ್ಯ ಅನ್ನಲಿಲ್ಲ.

ನಾನು ತೊಲೆಗೆ ಹಗ್ಗ ಕಟ್ಟಿ, ಹಳೆಯ ಸೀರೆಯನ್ನು ಅವನ ಕಂಕುಳ ಕೆಳಗೆ ಹಾಯಿಸಿ, ಜೋಲಿಯಂತೆ ಮಾಡಿದೆ. ಎಣಿಕೆ ಹತ್ತಿದಾಗ ಅಪ್ಪ ಅದರಲ್ಲಿ ಜೋತುಬಿದ್ದು ಕಾಲಿನ ಭಾರ ಇಳಿಸಿಕೊಳ್ಳುತ್ತಿದ್ದ. ಆಗಲೂ ಪಾದಗಳು ನೆಲವನ್ನು ತುಳಿಯುತ್ತಲೇ ಇರುತ್ತಿದ್ದವು, ನೀರಿನಲ್ಲಿ ನಡೆಯುವವರ ಹಾಗೆ. ಶೆಣೈ ಅದನ್ನು ನೋಡಿದರು. ಮರುದಿನ ಬೇಗ ನಿಲ್ಲಿಸಿದರು, ಅದರ ಮರುದಿನವೂ. ಆಮೇಲೆ ಸಬ್ನೀಸ್ ಬಂದು ಮೀಟರ್ ನೋಡಿ, ಇದು ಸಾಲದು ಎಂದರಂತೆ. ಮತ್ತೆ ಮೊದಲಿನ ಹಾಗೆಯೇ ಆಯಿತು. ಶೆಣೈ ಮನೆಯಲ್ಲಿ ಉಣ್ಣುವುದನ್ನೂ ಬಿಟ್ಟರು. ಅಪ್ಪನ ಎದುರಿಗೆ ಬರದ ಹಾಗೆ ಹಿತ್ತಲ ಬಾಗಿಲಿನಿಂದ ಹೋಗಿ ಬರುತ್ತಿದ್ದರು. ಬೆಳಗಿನ ಒಂದು ಮಾತೂ ನಿಂತುಹೋಯಿತು.

ಒಂದು ಮಧ್ಯಾಹ್ನ ಅಪ್ಪ ಜೋಲಿಯಿಂದ ಕೈ ಬಿಡಿಸಿಕೊಂಡು, ನನ್ನನ್ನು ಆ ಯಂತ್ರದ ಹತ್ತಿರ ಕರಕೊಂಡು ಹೋಗು ಎಂದ. ಅಷ್ಟು ವರ್ಷದಲ್ಲಿ ಅವನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಬೇಡ ಎಂದು ನೋಡಿದೆ. ಹೇಗೂ ನಡೀತಾ ಇರಬೇಕಲ್ಲ, ಅಲ್ಲಿಗೇ ನಡೀತೀನಿ ಎಂದ. ಅವನ ತೋಳನ್ನು ನನ್ನ ಹೆಗಲಿಗೆ ಹಾಕಿಕೊಂಡು ಹೊರಟೆ. ಮನೆಯಿಂದ ಮನೆಗೆ ಗೋಡೆ ಹಿಡಿದು, ಒರಗಿ, ಮತ್ತೆ ನಡೆದು ಹೋದೆವು. ಬೀದಿಯಲ್ಲಿ ಓಡಾಡುತ್ತಿದ್ದವರು ದಾರಿ ಬಿಟ್ಟು ನಮ್ಮ ಹಿಂದೆಯೇ ಬಂದರು. ಎಣಿಕೆ ಮನೆಯ ಬಾಗಿಲಲ್ಲಿ ಅವರೆಲ್ಲ ಅಂಗಳದೊಳಗೆ ಸುತ್ತತೊಡಗಿದರು, ನಾವಿಬ್ಬರು ಒಳಗೆ ಹೋದೆವು.

ಒಳಗಿನ ಚಳಿಗೆ ಅಪ್ಪ ನಡುಗಿದ. ಶೆಣೈ ಕಾರ್ಡು ನುಂಗುವ ಪೆಟ್ಟಿಗೆಯ ಬಳಿ ನಿಂತಿದ್ದರು. ನಮ್ಮನ್ನು ನೋಡಿ ತಮ್ಮ ಸ್ವೆಟರ್ ಬಿಚ್ಚಿ ಅಪ್ಪನಿಗೆ ಹೊದಿಸಿದರು. ಅಪ್ಪ ಬೀರುಗಳ ಸಾಲಿನ ಉದ್ದಕ್ಕೂ ಒಮ್ಮೆ ನಡೆದ. ವಾಲ್ವುಗಳ ಬೆಳಕನ್ನು, ಸುತ್ತುವ ಟೇಪನ್ನು ನೋಡಿದ. ಪುಟ್ಟ ಸ್ಪೀಕರಿನಿಂದ ಒಂದೇ ಸಮನೆ ಸದ್ದು ಬರುತ್ತಿತ್ತು, ಜೇನಿನದು.

"ಇದು ಈಗ ಏನು ಎಣಿಸ್ತಾ ಇದೆ ಅಳಿಯಂದ್ರೆ?" ಎಂದು ಕೇಳಿದ.

ಅವರು ನನ್ನ ಕಡೆ ನೋಡಿದರು. "ಏನೂ ಇಲ್ಲ ಮಾವ. ಒಮ್ಮೆ ಎಣಿಸಿ ಆದದ್ದೇ," ಎಂದರು.

ಅಪ್ಪ ಸಿಟ್ಟಾಗುತ್ತಾನೆ ಎಂದುಕೊಂಡೆ. ಅವನು ಬೀರುವಿಗೆ ಒರಗಿ, ಉಸಿರು ಸುಧಾರಿಸಿಕೊಂಡು, ಮೆಲ್ಲಗೆ ಹೇಳಿದ. "ಇವಳವ್ವ ತೀರಿಹೋದ ವರ್ಷ ನೂಲು ಬರಲಿಲ್ಲ. ನಾನು ಖಾಲಿ ಮಗ್ಗದಲ್ಲಿ ಕೂತು ಲಾಳಿ ಎಸೀತಿದ್ದೆ. ಹಾಸೂ ಇಲ್ಲ, ಏನೂ ಇಲ್ಲ. ಬೀದೀಲಿ ಹೋಗೋರಿಗೆ ಸದ್ದು ಕೇಳ್ಲಿ ಅಂತ. ಚೌಡಪ್ಪನ ಮಗ್ಗ ನಿಂತುಹೋಯ್ತು ಅಂತ ಯಾರೂ ಅನ್ನಬಾರದಲ್ಲ. ಇವಳಿಗೂ ಗೊತ್ತಿಲ್ಲ ಇದು, ಚಿಕ್ಕೋಳು."

"ಎಷ್ಟು ದಿನ ಹಾಗೆ ಮಾಡಿದಿರಿ?" ಎಂದು ಶೆಣೈ ಕೇಳಿದರು.

"ನೂಲು ಬರೋ ತನಕ."

ಶೆಣೈ ತಲೆ ತಗ್ಗಿಸಿದರು. "ನನಗೆ ನೂಲು ಬರುವುದಿಲ್ಲ ಮಾವ," ಎಂದರು.

ಅಪ್ಪ ಕೈ ಚಾಚಿ ಅವರ ತೋಳು ಹಿಡಿದುಕೊಂಡ, ಬೀಳದ ಹಾಗೆ ಹಿಡಿದದ್ದೋ ಸಮಾಧಾನಕ್ಕೋ ತಿಳಿಯಲಿಲ್ಲ. ಇಬ್ಬರೂ ಹಾಗೆಯೇ ಅತ್ತಿತ್ತ ಹೆಜ್ಜೆ ಇಡುತ್ತ ನಿಂತರು. ಅಪ್ಪನ ಪಾದದ ಚರ್ಮ ಬಿರಿದು ನೀರು ಒಸರುತ್ತಿತ್ತು. ಆ ಹಲಗೆಯ ನೆಲದ ಮೇಲೆ ಅವನು ನಡೆದಲ್ಲೆಲ್ಲ ಒದ್ದೆ ಗುರುತು ಮೂಡಿತ್ತು. ಶೆಣೈಯವರೂ ಅದನ್ನು ನೋಡಿದರು. ಅವರ ಕೈ ಯಂತ್ರದ ಗುಂಡಿಗಳತ್ತ ಹೋಯಿತು, ಅಲ್ಲೇ ನಿಂತಿತು. ಅವರಿಂದ ಆಗುವುದಿಲ್ಲ ಎಂದು ನನಗೆ ಗೊತ್ತಾಯಿತು.

ಯಂತ್ರದ ಗುಂಡಿಗಳು ನನಗೆ ತಿಳಿಯುತ್ತಿರಲಿಲ್ಲ. ಆದರೆ ಕಾರ್ಡು ನನ್ನ ಕೆಲಸವಾಗಿತ್ತು, ಕಾರ್ಡು ಇಲ್ಲದಿದ್ದರೆ ಅದು ತಾನೇ ನಿಲ್ಲುತ್ತದೆ ಎಂಬುದು ತಿಳಿದಿತ್ತು. ನಾನು ಹೋಗಿ ಪೆಟ್ಟಿಗೆಯ ತಟ್ಟೆಯಲ್ಲಿ ಉಳಿದಿದ್ದ ಕಾರ್ಡುಗಳನ್ನು ಎರಡೂ ಕೈಯಿಂದ ಎತ್ತಿಕೊಂಡೆ. ಒಳಗೆ ಹೋಗಿದ್ದ ಕೊನೆಯ ಒಂದೆರಡು ಕಾರ್ಡು ಚಟಚಟ ಎಂದು ಆಚೆ ಬಿದ್ದವು. ಜೇನಿನ ಸದ್ದು ನಿಂತಿತು. ಟೇಪು ಅರ್ಧ ಸುತ್ತು ತಿರುಗಿ ನಿಂತಿತು.

ಅಪ್ಪ ಇದ್ದಲ್ಲೇ ಕುಸಿದು ಕೂತ. ಶೆಣೈ ಅವನ ಪಕ್ಕ ಕೂತು, ಅವನ ಎರಡೂ ಕಾಲುಗಳನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಹೊರಗೆ ಅಂಗಳದಲ್ಲಿ ಅಷ್ಟೂ ಜನ ಮಣ್ಣಿನ ಮೇಲೆ ಕೂರುತ್ತಿದ್ದ ಸದ್ದು ಕೇಳಿಸಿತು. ಯಾರೋ ಹೆಂಗಸು ಸಣ್ಣಗೆ ನಕ್ಕಳು. ನಾನು ಕಾರ್ಡುಗಳನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದೆ. ಕೂರಬಹುದಿತ್ತು, ಕೂರಲಿಲ್ಲ.

ಶೆಣೈ ಮತ್ತೆ ಯಂತ್ರ ನಡೆಸಲಿಲ್ಲ. ನನ್ನ ಮೇಲೆ ಸಿಟ್ಟೂ ಮಾಡಲಿಲ್ಲ. ಸಬ್ನೀಸ್ ಬಂದರು, ಮೀಟರ್ ನೋಡಿದರು, ಮುಂದಿನ ತಿಂಗಳು ಲಾರಿಗಳು ಬಂದವು. ವಾಲ್ವುಗಳನ್ನು ಬುಟ್ಟಿಗಳಲ್ಲಿ ತುಂಬಿದರು. ಎಷ್ಟೋ ಒಡೆದವು. ಅಪ್ಪ ಮಗ್ಗದ ಮುಂದೆ ಹಾಸಿಗೆ ಹಾಕಿಸಿಕೊಂಡು, ಕಾಲ ಕೆಳಗೆ ಮಡಿಸಿದ ಕೌದಿ ಇಟ್ಟುಕೊಂಡು ಮಲಗಿದ. ಊತ ಸ್ವಲ್ಪ ಇಳಿಯಿತು, ಒಂದೆರಡು ಸಲ ಗುಂಡಿಗೂ ಇಳಿದ. ಬೇಸಿಗೆ ಕಳೆದ ಮೇಲೆ ಒಂದು ಬೆಳಿಗ್ಗೆ, ಮಲಗಿದ್ದಂತೆಯೇ ಹೋದ. ಶೆಣೈಯವರೇ ಬೆಂಕಿ ಹಿಡಿದು ಮುಂದೆ ನಡೆದರು. ನಮ್ಮವರಲ್ಲಿ ಕೆಲವರು ಅದನ್ನು ಆಡಿಕೊಂಡರು, ತಡೆಯಲು ಯಾರೂ ಬರಲಿಲ್ಲ.

ಊರಿಗೆ ಮೊದಮೊದಲು ಹಬ್ಬದ ಹಾಗಿತ್ತು. ಜನ ಜಗಲಿಯಲ್ಲಿ, ಕಟ್ಟೆಯಲ್ಲಿ, ಬೀದಿಯ ಅಂಚಿನಲ್ಲಿ ಕೂತು ಕೂತು ನೋಡಿದರು. ಹೋಟೆಲಿಗೆ ಬೆಂಚು ಬಂತು. ಆಮೇಲೆ ಒಬ್ಬೊಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕೆರೆಯ ದಾರಿಯಲ್ಲಿ ಹುಲ್ಲು ಬೆಳೆಯಿತು. ಮಾತು ಬಿಟ್ಟವರಿಗೆ ಈಗ ದಿನವೂ ಎದುರಾಗಬೇಕಾದ ಕಾರಣ ಉಳಿಯಲಿಲ್ಲ. ಕೆಲಸವೂ ಉಳಿಯಲಿಲ್ಲ, ಹುಡುಗಿಯರು ಬೇರೆ ಊರು ನೋಡಿಕೊಂಡರು. ಕೆಲವರು ಮಾತಾಡುತ್ತ ಕೂತಿದ್ದವರು ತಟ್ಟನೆ ಎದ್ದು ನಿಲ್ಲುತ್ತಿದ್ದರು, ಸುತ್ತ ನೋಡಿ ನಾಚಿಕೊಂಡು ಮತ್ತೆ ಕೂರುತ್ತಿದ್ದರು.

ಯಂತ್ರ ಹೋದ ಮೇಲೆ ನನ್ನ ಗಂಡ ಮಾತ್ರ ಕೂರಲೇ ಇಲ್ಲ. ಮನೆಯೊಳಗೆ ಮಗ್ಗದ ಗುಂಡಿ ಬಳಸಿ ನಡೆಯುತ್ತಿದ್ದರು, ಹೊರಗೆ ಹೋದರೆ ಊರಿನ ಎಲ್ಲೆಯವರೆಗೆ ಹೋಗಿ ಬರುತ್ತಿದ್ದರು. ಯಾರದೋ ರೇಡಿಯೋ ರಿಪೇರಿಗೆ ತರುತ್ತಿದ್ದರು, ನಿಂತುಕೊಂಡೇ ಬಿಚ್ಚುತ್ತಿದ್ದರು, ಅರ್ಧಕ್ಕೆ ಬಿಟ್ಟು ಮತ್ತೆ ನಡೆಯುತ್ತಿದ್ದರು. ಊಟಕ್ಕೆ ಕರೆದರೆ ತಟ್ಟೆ ಹಿಡಿದು ಬಾಗಿಲವರೆಗೆ ಹೋಗಿ ಬರುತ್ತ ಉಣ್ಣುತ್ತಿದ್ದರು. ಮೊದಲು ನಾನೂ ಜೊತೆಗೆ ಹೋಗುತ್ತಿದ್ದೆ. ಆದರೆ ಅವರು ಮಾತಾಡುತ್ತಿರಲಿಲ್ಲ, ಕಿವಿಗೊಟ್ಟು ಏನನ್ನೋ ಆಲಿಸುತ್ತ ನಡೆಯುತ್ತಿದ್ದರು. ಕಾರ್ಡು ಎತ್ತಿದ್ದು ನಾನು. ಅದು ತಪ್ಪೆಂದು ನನಗೆ ಯಾವತ್ತೂ ಅನ್ನಿಸಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ. ಆದರೂ ಅವರ ಹೆಜ್ಜೆಯ ಸದ್ದು ಕೇಳುವಾಗ ನನಗೆ ಒಂದು ಕಡೆ ನೆಮ್ಮದಿಯಾಗಿ ಕೂರಲು ಆಗುತ್ತಿರಲಿಲ್ಲ.

ಒಮ್ಮೆ ಅವರು ಹೇಳದೆ ಹೋದರು. ಎರಡು ದಿನ ಬರಲಿಲ್ಲ. ಯಾರ್ಯಾರನ್ನೋ ಕೇಳಿ, ಕೆರೆಯ ಸುತ್ತ ಹುಡುಕಿ, ಎಲ್ಲೆಯ ತನಕ ಹೋಗಿ ಬಂದೆ. ಕೊನೆಗೆ ಅವರು ಬಸ್ಸಿನಲ್ಲಿ ಬಂದಿಳಿದರು. ದೊಡ್ಡ ಊರಿಗೆ ಹೋಗಿ ಹೊಸ ಯಂತ್ರ ನೋಡಿ ಬಂದೆ ಎಂದರು. ಅದು ಸದ್ದೇ ಮಾಡುವುದಿಲ್ಲವಂತೆ. ಬಿಸಿಯೂ ಇಲ್ಲವಂತೆ. ಅವರ ಕಣ್ಣಲ್ಲಿ ಸಣ್ಣ ಹುಡುಗರ ಆಶ್ಚರ್ಯವಿತ್ತು.

"ಅಲ್ಲಿ ಎಲ್ಲರೂ ಅದರ ಸುತ್ತ ಕೂತಿರ್ತಾರೆ ಬನ," ಎಂದರು. "ಬೆಳಿಗ್ಗೆ ಕೂತವರು ಏಳುವುದೇ ಇಲ್ಲ. ಊಟದ ಡಬ್ಬಿಯನ್ನೂ ಅಲ್ಲೇ ತೆರೀತಾರೆ. ನಾನು ಬಾಗಿಲಲ್ಲಿ ನಿಂತಿದ್ದೆ, ಒಬ್ಬರೂ ತಲೆ ಎತ್ತಿ ನೋಡಲಿಲ್ಲ."

ವಾಲ್ವಿನ ಕಾಲದವರೊಬ್ಬರು ಬೇಕಂತೆ, ಹೊಸಬರಿಗೆ ಕೆಲಸ ಹೇಳಿಕೊಡಲು. ಬರುತ್ತೀಯಾ ಎಂದು ಕೇಳಿದರು. ಮಗ್ಗವನ್ನು ಸೋದರತ್ತೆಯ ಮಗನಿಗೆ ಕೊಟ್ಟು, ಗುಂಡಿಯನ್ನು ಮುಚ್ಚಿಸಿ, ಮನೆಗೆ ಬೀಗ ಹಾಕಿ ಹೊರಟೆವು.

ಮೊದಲ ದಿನ ಅವರು ಕುರ್ಚಿಯಲ್ಲಿ ಕೂತಾಗ ಕಾಲು ನಡುಗಿತಂತೆ. ಒಂದು ತಿಂಗಳಲ್ಲಿ ರೂಢಿಯಾಯಿತು. ಆಮೇಲೆ ರೂಢಿಗಿಂತ ಹೆಚ್ಚಾಯಿತು. ಮನೆಗೆ ಬಂದರೂ ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಕರೆದರೆ ಅಲ್ಲಿಂದಲೇ ಓಗೊಡುತ್ತಾರೆ. ಮೈ ತುಂಬಿಕೊಂಡಿತು, ಮುಖದಲ್ಲಿ ಕಳೆ ಬಂತು, ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾರೆ. ನಾನು ಬಯಸಿದ್ದೂ ಅದನ್ನೇ. ಹಗಲೆಲ್ಲ ನಾನು ಆ ಎರಡು ಕೋಣೆಯ ಮನೆಯಲ್ಲಿ ಅಡಿಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡಿಗೆಮನೆಗೆ ಓಡಾಡುತ್ತಿರುತ್ತೇನೆ. ಕೆಳಗಿನ ಮನೆಯವರು ಒಂದು ದಿನ ಮೇಲೆ ಬಂದು, ಏನಾದರೂ ಕಳೆದುಹೋಗಿದೆಯಾ ಎಂದು ಕೇಳಿದರು.

ಕಳೆದ ಭಾನುವಾರ ಸಂಜೆ ಅವರನ್ನು ಬಲವಂತವಾಗಿ ಎಬ್ಬಿಸಿ ಹೊರಗೆ ಕರೆದುಕೊಂಡು ಹೋದೆ. ಪಾರ್ಕಿನ ಬೀದಿಯವರೆಗೆ ಬಂದರು, ಏದುಸಿರು ಬಂತು, ಮೋರಿಯ ಕಟ್ಟೆಯ ಮೇಲೆ ಕೂತರು. ಪಕ್ಕದಲ್ಲಿ ಕೈಯಿಂದ ಧೂಳು ಒರೆಸಿ ನನಗೆ ಜಾಗ ಮಾಡಿದರು.

"ಕೂತ್ಕೋ ಬನ. ಎಲ್ಲಿಗೆ ಅವಸರ?"

ನಾನು ಅವರ ಕಾಲು ನೋಡಿದೆ. ಎರಡೂ ಪಾದ ನೆಲದ ಮೇಲೆ ಅಲುಗಾಡದೆ ಇದ್ದವು. ಬೆವರಿದ ಹಣೆಯನ್ನು ನನ್ನ ಸೆರಗಿನಿಂದ ಒರೆಸಿದೆ.

"ನೀವು ಕೂತಿರಿ, ಒಂದು ಸುತ್ತು ಹೋಗಿ ಬರ್ತೀನಿ," ಎಂದು ಹೇಳಿ ನಡೆದೆ.